ಹಳೆಯ ಹಲ್ಲಿನ ಕಿಟ್ಟವನ್ನು ಓದುವ ಬಗೆ

ಉತ್ಖನನದ ಕುಳಿಯಿಂದ ದವಡೆಯೊಂದು ಮೇಲೆ ಬಂದರೆ ಅದನ್ನು ನೀರಿನಲ್ಲಿ ಅದ್ದಿ, ಬ್ರಷ್‌ನಿಂದ ಮಣ್ಣು ತಿಕ್ಕಿ, ಹಲ್ಲುಗಳು ಬೆಳ್ಳಗೆ ಕಾಣುವಂತೆ ಮಾಡಿ ತಟ್ಟೆಯಲ್ಲಿ ಒಣಗಲು ಇಡುವುದು ಬಹುಕಾಲದ ರೂಢಿ. ಈ ಬರಹದ ಮೊದಲ ಸೂಚನೆ ಆ ರೂಢಿಗೆ ನೇರ ವಿರುದ್ಧವಾದುದು: ಹಲ್ಲನ್ನು ತೊಳೆಯಬೇಡಿ. ವಸಡಿನ ಗೆರೆಯಿದ್ದ ಜಾಗದಲ್ಲಿ ಕಂದು ಅಥವಾ ಮಾಸಲು ಬಿಳಿ ಬಣ್ಣದ ಒರಟು ಪಟ್ಟಿಯೊಂದು, ಅಂದರೆ ಕಿಟ್ಟ, ಅಂಟಿಕೊಂಡಿದ್ದರೆ, ಆ ಮನುಷ್ಯ ತಿಂದದ್ದು, ಉಸಿರಾಡಿದ್ದು, ಬಾಯಲ್ಲಿ ಕಚ್ಚಿ ಹಿಡಿದದ್ದು, ಅವನನ್ನು ಕಾಡಿದ ರೋಗಾಣು, ಎಲ್ಲದರ ಗುರುತು ಆ ಪಟ್ಟಿಯಲ್ಲಿ ಉಳಿದಿರುವ ಸಾಧ್ಯತೆ ಇದೆ. ಪುರಾತತ್ತ್ವ ವಿಭಾಗದ ವಿದ್ಯಾರ್ಥಿಗಳು, ಹಳೆಯ ಎಲುಬುಗಳ ಮೇಲೆ ಆಸಕ್ತಿ ಮೂಡಿರುವ ದಂತವೈದ್ಯಕೀಯ ವಿದ್ಯಾರ್ಥಿಗಳು, ಮತ್ತು ಇಂಥ ಸಂಶೋಧನೆಯ ಸುದ್ದಿಯನ್ನು ಓದಿ ಅದನ್ನು ಎಷ್ಟು ನಂಬಬೇಕೆಂದು ತೂಗಲು ಬಯಸುವ ಓದುಗರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ.

ಕಿಟ್ಟ ಯಾವುದು, ಯಾವುದಲ್ಲ

ಮನೆಮಾತಿನಲ್ಲಿ ಪಾಚಿ, ಕಿಟ್ಟ, ಗಾರೆ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತವೆ. ದಂತವೈದ್ಯರು ಟಾರ್ಟರ್ ಅಥವಾ ಕ್ಯಾಲ್ಕುಲಸ್ ಎನ್ನುತ್ತಾರೆ. ಅಧ್ಯಯನಕ್ಕೆ ಇಳಿಯುವವರು ಎರಡು ಹಂತಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಹಲ್ಲಿನ ಮೇಲೆ ದಿನವೂ ಕಟ್ಟಿಕೊಳ್ಳುವ, ಉಗುರಿನಿಂದ ಕೆರೆದರೆ ಬರುವ ಮೆತ್ತನೆಯ ಬಿಳಿಯ ಲೋಳೆ ಪ್ಲಾಕ್; ಅದು ಬ್ಯಾಕ್ಟೀರಿಯಗಳ ದಟ್ಟ ವಸತಿ. 1683ರಲ್ಲಿ ಡೆಲ್ಫ್ಟ್ ಪಟ್ಟಣದ ಆಂಟೊನಿ ಫಾನ್ ಲೇವನ್‌ಹುಕ್ ತನ್ನದೇ ಹಲ್ಲಿನಿಂದ ಇದನ್ನು ತೆಗೆದು ಮಸೂರದ ಕೆಳಗಿಟ್ಟು, ಓಡಾಡುವ ಸೂಕ್ಷ್ಮಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ. ಈ ಲೋಳೆಯೊಳಕ್ಕೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಇಳಿದು ಹರಳುಗಟ್ಟಿದಾಗ ಆಗುವುದು ಕಿಟ್ಟ. ಗಟ್ಟಿಯಾಗುವ ಕೆಲಸ ಕೆಲವೇ ಗಂಟೆಗಳಲ್ಲಿ ಶುರುವಾಗಬಹುದು. ಎರಡು ದಿನಗಳಲ್ಲಿ ಅರ್ಧದಷ್ಟು, ಹನ್ನೆರಡು ದಿನಗಳ ಹೊತ್ತಿಗೆ ಶೇ. 60ರಿಂದ 90ರವರೆಗೆ ಖನಿಜವಾಗುವ ಪ್ಲಾಕ್ ಉಂಟು. ಒಂದು ಪದರ ಗಟ್ಟಿಯಾದ ಮೇಲೆ ಅದರ ಒರಟು ಮೈಮೇಲೆ ಹೊಸ ಲೋಳೆ ಕೂರುತ್ತದೆ, ಅದೂ ಕಲ್ಲಾಗುತ್ತದೆ. ಗೋಡೆಗೆ ವರ್ಷವರ್ಷವೂ ಸುಣ್ಣ ಬಳಿದಂತೆ ಪದರದ ಮೇಲೆ ಪದರ ಕೂಡುತ್ತ ಹೋಗುವುದರಿಂದಲೇ ಅದರೊಳಗೆ ಸಿಕ್ಕಿಬಿದ್ದ ಕಣಗಳು ಸಾವಿರಾರು ವರ್ಷ ಉಳಿಯುತ್ತವೆ.

ಎಲ್ಲಿ ಹುಡುಕಬೇಕು ಎಂಬುದನ್ನು ಜೊಲ್ಲಿನ ಗ್ರಂಥಿಗಳೇ ಹೇಳುತ್ತವೆ. ಕೆಳದವಡೆಯ ಮುಂಬಾಚಿ ಹಲ್ಲುಗಳ ಒಳಮೈ, ಅಂದರೆ ನಾಲಿಗೆಯ ಕಡೆಯ ಮೈ, ನಾಲಿಗೆಯ ಕೆಳಗಿನ ಗ್ರಂಥಿಗಳ ದ್ವಾರಕ್ಕೆ ಎದುರಾಗಿದೆ. ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯ ಮೈ ಕಿವಿಯ ಮುಂದಿನ ಗ್ರಂಥಿಯ ದ್ವಾರದ ಬಳಿ ಇದೆ. ಕಿಟ್ಟ ಈ ಎರಡು ಸ್ಥಳಗಳಲ್ಲಿ ಹೆಚ್ಚು. ಇದಲ್ಲದೆ ವಸಡಿನ ಒಳಗೆ, ಬೇರಿನ ಮೇಲೆ ಕಟ್ಟುವ ಕಿಟ್ಟವೂ ಉಂಟು. ಅದು ಹೆಚ್ಚು ಗಟ್ಟಿ, ಬಣ್ಣದಲ್ಲಿ ಕಪ್ಪು ಅಥವಾ ಹಸಿರುಗಂದು, ಮತ್ತು ಅದರ ಖನಿಜ ಬರುವುದು ಜೊಲ್ಲಿನಿಂದಲ್ಲ, ವಸಡಿನ ಸಂದಿನಲ್ಲಿ ಒಸರುವ ದ್ರವದಿಂದ. ಮೇಲಿನದನ್ನೂ ಒಳಗಿನದನ್ನೂ ಒಂದೇ ಕೊಳವೆಯಲ್ಲಿ ಬೆರೆಸಿದರೆ ಎರಡು ಬೇರೆ ಪರಿಸರಗಳ ಜೀವಿಗಳನ್ನು ಕಲೆಸಿದಂತಾಗುತ್ತದೆ.

ದಖ್ಖನ್ನಿನ ಮಣ್ಣಿನಲ್ಲಿ ಅಗೆಯುವವರಿಗೆ ಒಂದು ವಿಶೇಷ ತೊಡಕಿದೆ. ಕಪ್ಪು ಎರೆಮಣ್ಣಿನಲ್ಲಿ ಸುಣ್ಣದ ಗಂಟುಗಳು ಸಾಮಾನ್ಯ, ಮತ್ತು ಹೂತ ಎಲುಬಿನ ಮೇಲೂ ಹಲ್ಲಿನ ಮೇಲೂ ಅದೇ ಸುಣ್ಣ ಬಿಳಿಯ ಹೊರೆಯಾಗಿ ಕೂರುತ್ತದೆ. ಇದನ್ನು ಕಿಟ್ಟವೆಂದು ತಿಳಿದು ಮೋಸಹೋಗುವುದು ಸುಲಭ. ಮಣ್ಣಿನ ಹೊರೆ ಹಲ್ಲು, ಬೇರು, ದವಡೆ, ಮುರಿದ ಅಂಚು ಎಂಬ ಭೇದವಿಲ್ಲದೆ ಎಲ್ಲೆಡೆ ಹರಡಿರುತ್ತದೆ. ಕಿಟ್ಟ ಮಾತ್ರ ವಸಡಿನ ಗೆರೆಯನ್ನು ಅನುಸರಿಸಿ ಪಟ್ಟಿಯಾಗಿ ಕೂತಿರುತ್ತದೆ, ಸಾವಿನ ನಂತರ ಮುರಿದ ಅಂಚಿನ ಮೇಲೆ ಎಂದೂ ಇರುವುದಿಲ್ಲ. ಅನುಮಾನ ಉಳಿದರೆ ಉದುರಿದ ಒಂದು ಚೂರನ್ನು, ಹಲ್ಲಿನಿಂದ ದೂರದಲ್ಲಿ, ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ತಾಗಿಸಿ ನೋಡಿ. ಮಣ್ಣಿನ ಸುಣ್ಣ ಕಾರ್ಬೊನೇಟ್ ಆದುದರಿಂದ ನೊರೆಯೆದ್ದು ಕುದಿಯುತ್ತದೆ. ಕಿಟ್ಟ ಮುಖ್ಯವಾಗಿ ಫಾಸ್ಫೇಟ್ ಆದುದರಿಂದ ಹಾಗೆ ಕುದಿಯದೆ ನಿಧಾನವಾಗಿ ಕರಗುತ್ತದೆ.

ಬದುಕಿರುವ ಬಾಯಿಯಿಂದ ಕಲಿಯಬೇಕಾದುದು

ಹಳೆಯ ಹಲ್ಲನ್ನು ಓದುವ ಮೊದಲು ಬದುಕಿರುವವರ ಬಾಯಲ್ಲಿ ಕಿಟ್ಟ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅರಿಯುವುದು ಅಗತ್ಯ, ಏಕೆಂದರೆ ತಪ್ಪು ತೀರ್ಮಾನಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಈ ವಿಷಯದಲ್ಲಿ ನಮ್ಮ ಹಳೆಯ ವೈದ್ಯಗ್ರಂಥವೂ ಸ್ಪಷ್ಟವಾಗಿ ಮಾತನಾಡಿದೆ. ಸುಶ್ರುತಸಂಹಿತೆ ಇದನ್ನು ದಂತಶರ್ಕರಾ ಎಂದು ಹೆಸರಿಸಿ, ಹಲ್ಲಿನ ಬುಡಕ್ಕೆ ಗಾಯವಾಗದಂತೆ ಅದನ್ನು ಕೆತ್ತಿ ತೆಗೆದು, ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ತಿಕ್ಕಬೇಕೆಂದು ಹೇಳುತ್ತದೆ. ಅದಕ್ಕಾಗಿ ದಂತಶಂಕು ಎಂಬ ಉಪಕರಣವನ್ನೂ ಹೇಳುತ್ತದೆ. ಕಿಟ್ಟವನ್ನು ತಿಕ್ಕಿ ತೊಲಗಿಸಲು ಆಗದು, ಕೆತ್ತಿಯೇ ತೆಗೆಯಬೇಕು ಎಂಬ ಆ ತಿಳಿವಳಿಕೆ ಇಂದಿಗೂ ಬದಲಾಗಿಲ್ಲ. ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ; ವಾಸ್ತವದಲ್ಲಿ ವಸಡು ಮತ್ತು ಎಲುಬು ಮೊದಲೇ ಕುಸಿದಿದ್ದ ಹಲ್ಲನ್ನು ಕಿಟ್ಟವೇ ಕಟ್ಟಿ ಹಿಡಿದಿರುತ್ತದೆ, ಅದು ಹೋದಾಗ ಮೊದಲಿನಿಂದ ಇದ್ದ ಸಡಿಲ ಗೊತ್ತಾಗುತ್ತದೆ ಅಷ್ಟೆ.

ಕಿಟ್ಟವೇ ರೋಗವಲ್ಲ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಪ್ರಯೋಗಾಲಯದ ಇಲಿಗಳ ಹಲ್ಲಿನ ಮೇಲೂ ಕಿಟ್ಟದಂತಹ ಖನಿಜ ಕಟ್ಟುತ್ತದೆ. ವಸಡನ್ನು ಕೆಡಿಸುವುದು ಕಿಟ್ಟದ ಒರಟು ಮೈಮೇಲೆ ಸದಾ ಹಸಿಯಾಗಿ ಕೂತಿರುವ ಜೀವಂತ ಲೋಳೆ. ಇದಕ್ಕೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ದೊರೆತದ್ದು ಶ್ರೀಲಂಕಾದ ಚಹಾ ತೋಟಗಳಿಂದ. ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು 1970ರಿಂದ 1985ರವರೆಗೆ ಅಲ್ಲಿನ 480 ಗಂಡಸು ಕೂಲಿಕಾರರ ಬಾಯಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಅವರು ಹಲ್ಲುಜ್ಜುವ ಅಭ್ಯಾಸವಿಲ್ಲದವರು, ದಂತವೈದ್ಯರನ್ನು ಕಾಣದವರು. ಪ್ಲಾಕ್ ಮತ್ತು ಕಿಟ್ಟ ಅವರಲ್ಲಿ ಬಹುತೇಕ ಎಲ್ಲರಿಗೂ ಹೇರಳವಾಗಿತ್ತು. ಆದರೂ ಹಲ್ಲಿನ ಆಧಾರ ವೇಗವಾಗಿ ನಾಶವಾದದ್ದು ಸುಮಾರು ಶೇ. 8ರಷ್ಟು ಜನರಲ್ಲಿ, ಮಧ್ಯಮ ಗತಿಯಲ್ಲಿ ನಾಶವಾದದ್ದು ಶೇ. 81ರಷ್ಟು ಜನರಲ್ಲಿ, ಉಳಿದ ಶೇ. 11ರಷ್ಟು ಜನರಲ್ಲಿ ವಸಡಿನ ಊತದಿಂದ ಮುಂದಕ್ಕೆ ರೋಗ ಹೋಗಲೇ ಇಲ್ಲ. ಹಲ್ಲಿನ ಮೇಲೆ ದಪ್ಪ ಕಿಟ್ಟವಿರುವ ಅಸ್ಥಿಪಂಜರವನ್ನು ಕಂಡು ‘ಈತ ವಸಡಿನ ರೋಗದಿಂದ ನರಳಿದ್ದ’ ಎಂದು ಬರೆಯಲು ಕೈ ಎತ್ತಿದಾಗಲೆಲ್ಲ ಈ ಮೂರು ಅಂಕಿಗಳನ್ನು ನೆನೆದುಕೊಳ್ಳುವುದು ಒಳ್ಳೆಯದು. ರೋಗದ ನಿರ್ಣಯವನ್ನು ದವಡೆಯ ಎಲುಬಿನ ಅಂಚು ಎಷ್ಟು ಕೆಳಗಿಳಿದಿದೆ, ಅದರ ಮೈ ಹೇಗಾಗಿದೆ ಎಂಬುದರಿಂದ ಮಾಡಬೇಕು; ಕಿಟ್ಟದ ದಪ್ಪದಿಂದಲ್ಲ.

ಅದೇ ಎಚ್ಚರಿಕೆ ಆಹಾರದ ಬಗೆಗೂ ಸಲ್ಲುತ್ತದೆ. ಹೆಚ್ಚು ಕಿಟ್ಟವಿದ್ದರೆ ಮಾಂಸಾಹಾರಿ, ಕಡಿಮೆಯಿದ್ದರೆ ಧಾನ್ಯಾಹಾರಿ ಎಂಬ ಸೂತ್ರಗಳು ಹಳೆಯ ವರದಿಗಳಲ್ಲಿ ಕಾಣುತ್ತವೆ. ಅವನ್ನು ನಾನು ನಂಬುವುದಿಲ್ಲ. ಜೊಲ್ಲಿನ ಕ್ಷಾರೀಯತೆ, ಹರಳುಗಟ್ಟುವುದನ್ನು ತಡೆಯುವ ಸ್ಟಾತೆರಿನ್‌ನಂತಹ ಪ್ರೋಟೀನುಗಳು, ವಯಸ್ಸು, ಹಲ್ಲುಜ್ಜುವ ಕ್ರಮ, ಎಲೆಯಡಿಕೆಯೊಂದಿಗೆ ಬಾಯಿಗೆ ಸೇರುವ ಸುಣ್ಣ, ಇವೆಲ್ಲ ಕಿಟ್ಟದ ಪ್ರಮಾಣವನ್ನು ಏರಿಳಿಸಬಲ್ಲವು. ಎಲೆಯಡಿಕೆ ಹಾಕುವವರ ಹಲ್ಲಿನ ಕೆಂಪು ಕಂದು ಕಲೆಯನ್ನು ಕಿಟ್ಟದಿಂದ ಬೇರ್ಪಡಿಸಿ ನೋಡುವುದನ್ನು ದಂತ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಕೆಲವು ದಿನ ಕುಳಿತು ಕಲಿತುಕೊಂಡರೆ, ಮಹಾಶಿಲಾಯುಗದ ಸಮಾಧಿಯ ಹಲ್ಲಿನ ಮುಂದೆ ಆ ಅಭ್ಯಾಸ ನೆರವಿಗೆ ಬರುತ್ತದೆ.

ಕುಳಿಯಲ್ಲಿ ಮತ್ತು ಉಗ್ರಾಣದಲ್ಲಿ

ದವಡೆ ಕಂಡ ಕೂಡಲೇ ಕೈಗವಸು ತೊಟ್ಟುಕೊಳ್ಳಿ, ಆದರೆ ಪುಡಿ ಸವರಿದ ಕೈಗವಸನ್ನು ಬಳಸಬೇಡಿ. ಆ ಪುಡಿ ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟ, ಮತ್ತು ನೀವು ಮುಂದೆ ಸೂಕ್ಷ್ಮದರ್ಶಕದಲ್ಲಿ ಹುಡುಕಲಿರುವುದು ಪಿಷ್ಟದ ಕಣಗಳನ್ನೇ. ಬಿಡಾರದ ಅಡುಗೆಯ ಕೋಣೆಗೂ ಮಾದರಿಗಳ ಮೇಜಿಗೂ ನಡುವೆ ದೂರವಿರಲಿ. ರೊಟ್ಟಿ ತಟ್ಟಿದ ಹಿಟ್ಟು ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ದವಡೆಯನ್ನು ಮಣ್ಣಿನ ಸಹಿತವಾಗಿಯೇ ಎತ್ತಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಒಣಗಿದ ತಂಪು ಜಾಗದಲ್ಲಿಡಿ. ಹಲ್ಲಿಗೆ ಅಂಟು, ಗಟ್ಟಿಗೊಳಿಸುವ ರಾಳ ಯಾವುದನ್ನೂ ಹಚ್ಚಬೇಡಿ. ಅದೇ ಅಸ್ಥಿಪಂಜರದ ಹೊಟ್ಟೆಯ ಭಾಗದಿಂದ, ತಲೆಯ ಬಳಿಯಿಂದ, ಮತ್ತು ಸಮಾಧಿಯ ಹೊರಗಿನಿಂದ ಒಂದೊಂದು ಚಮಚ ಮಣ್ಣನ್ನು ಬೇರೆಬೇರೆ ಚೀಲಗಳಲ್ಲಿ ಕಡ್ಡಾಯವಾಗಿ ತೆಗೆದಿಡಿ. ಕಿಟ್ಟದಲ್ಲಿ ಸಿಕ್ಕ ಕಣ ಮಣ್ಣಿನಿಂದ ಬಂದದ್ದಲ್ಲ ಎಂದು ಮುಂದೆ ತೋರಿಸಿಕೊಡುವ ಏಕೈಕ ಸಾಕ್ಷಿ ಅದೇ.

ಈಗಾಗಲೇ ತೊಳೆದು ವಸ್ತುಸಂಗ್ರಹಾಲಯದಲ್ಲಿಟ್ಟಿರುವ ಹಳೆಯ ಹಲ್ಲುಗಳನ್ನು ಬಿಟ್ಟುಬಿಡಬೇಕಾಗಿಲ್ಲ. ಹೊರಪದರ ಕೆಟ್ಟಿದ್ದರೂ ಒಳಪದರಗಳು ಚೆನ್ನಾಗಿರುವುದುಂಟು, ಮತ್ತು ದೊಡ್ಡ ಸಂಶೋಧನೆಗಳಲ್ಲಿ ಹಲವು, ದಶಕಗಳ ಹಿಂದೆಯೇ ಅಗೆದಿಟ್ಟ ಸಂಗ್ರಹಗಳಿಂದಲೇ ಬಂದಿವೆ. ಆದರೆ ಕಿಟ್ಟ ತೆಗೆಯುವುದು ಮಾದರಿಯನ್ನು ನಾಶಮಾಡುವ ಪರೀಕ್ಷೆ. ಸಂಗ್ರಹದ ಹೊಣೆ ಹೊತ್ತ ಇಲಾಖೆಯ ಅಥವಾ ವಿಶ್ವವಿದ್ಯಾಲಯದ ಲಿಖಿತ ಅನುಮತಿ ಕೈಗೆ ಬರುವ ಮೊದಲು ಉಪಕರಣ ಮುಟ್ಟಬಾರದು. ಇಂದಿನ ರೋಗಿಗಳ ಕಿಟ್ಟವನ್ನು ಹೋಲಿಕೆಗೆ ಬಳಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಮತ್ತು ರೋಗಿಯ ಸಮ್ಮತಿ ಎರಡೂ ಬೇಕು. ‘ಹೇಗೂ ಎಸೆಯುವ ಕಸ’ ಎಂಬ ಸಮಾಧಾನ ಅಲ್ಲಿ ನಡೆಯದು.

ತೆಗೆಯುವುದಕ್ಕೆ ಮುಂಚೆ ದಾಖಲೆ. ಪ್ರತಿ ಹಲ್ಲನ್ನೂ ನಾಲ್ಕು ಕಡೆಯಿಂದ ಅಳತೆಪಟ್ಟಿಯೊಂದಿಗೆ ಛಾಯಾಚಿತ್ರ ತೆಗೆದು, ಯಾವ ಮೈಮೇಲೆ ಎಷ್ಟು ಭಾಗ ಕಿಟ್ಟವಿದೆ ಎಂದು ಗುರುತಿಸಿ. ಡಾನ್ ಬ್ರಾಥ್‌ವೆಲ್ 1981ರಲ್ಲಿ ಕೊಟ್ಟ ಅಲ್ಪ, ಮಧ್ಯಮ, ಅಧಿಕ ಎಂಬ ಮೂರು ದರ್ಜೆಗಳ ಕ್ರಮ ಇಂದಿಗೂ ಬಳಕೆಯಲ್ಲಿದೆ. ದಂತವೈದ್ಯರು ಗ್ರೀನ್ ಮತ್ತು ವರ್ಮಿಲಿಯನ್ 1964ರಲ್ಲಿ ರೂಪಿಸಿದ ಸೂಚ್ಯಂಕದಲ್ಲಿ ಹಲ್ಲಿನ ಮೂರನೆಯ ಒಂದು ಭಾಗ, ಮೂರನೆಯ ಎರಡು ಭಾಗ ಎಂಬ ಗೆರೆಗಳನ್ನು ಬಳಸುತ್ತಾರೆ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಒಂದೇ ಸಂಗ್ರಹದಲ್ಲಿ ಬೆರೆಸಬೇಡಿ. ಕಿಟ್ಟ ಸುಲಭವಾಗಿ ಉದುರಿಹೋಗುವುದರಿಂದ, ‘ಇಲ್ಲ’ ಎಂಬುದನ್ನೂ ‘ಉದುರಿದೆ’ ಎಂಬುದನ್ನೂ ಬೇರೆ ಚಿಹ್ನೆಗಳಲ್ಲಿ ತೋರಿಸಬೇಕು.

ಕೆರೆದು ತೆಗೆಯುವುದು

ದಂತವೈದ್ಯರು ಕಿಟ್ಟ ಕೆರೆಯಲು ಬಳಸುವ ಕೈ ಉಪಕರಣ, ಸ್ಕೇಲರ್, ಸಾಕು. ಯಂತ್ರದ ಸ್ಕೇಲರ್ ನೀರು ಚಿಮ್ಮಿಸಿ ಚೂರುಗಳನ್ನು ಚೆದುರಿಸುತ್ತದೆ. ಸ್ವಚ್ಛವಾದ ಅಲ್ಯೂಮಿನಿಯಂ ಹಾಳೆಯ ಮೇಲೆ ಹಲ್ಲನ್ನು ಹಿಡಿದು, ಉಪಕರಣದ ತುದಿಯನ್ನು ಕಿಟ್ಟದ ಅಂಚಿಗೆ ಕೊಟ್ಟು, ಹಲ್ಲಿನ ಮೈಗೆ ಸಮಾನಾಂತರವಾಗಿ ಮೆಲ್ಲನೆ ಒತ್ತಿದರೆ ಅದು ಹಾಳೆಯಂತೆ ಎದ್ದುಬರುತ್ತದೆ. ಲಂಬವಾಗಿ ಚುಚ್ಚಿದರೆ ಹಲ್ಲಿನ ಹೊಳಪುಪದರಕ್ಕೆ ಗೀರು ಬೀಳುತ್ತದೆ, ಮತ್ತು ಮುಂದೆ ಆ ಹಲ್ಲಿನ ಸವೆತವನ್ನು ಅಧ್ಯಯನ ಮಾಡುವವರು ನಿಮ್ಮ ಗೀರನ್ನೇ ಅಳೆಯುತ್ತ ಕೂರುತ್ತಾರೆ. ಒಬ್ಬ ವ್ಯಕ್ತಿಯ ಮಾದರಿಯಿಂದ ಇನ್ನೊಬ್ಬನ ಮಾದರಿಗೆ ಹೋಗುವಾಗ ಕೈಗವಸು, ಹಾಳೆ, ಉಪಕರಣ ಮೂರನ್ನೂ ಬದಲಾಯಿಸಿ.

ಪ್ರಮಾಣದ ಬಗ್ಗೆ ಆತಂಕ ಬೇಡ. ಡಿ.ಎನ್.ಎ. ಪರೀಕ್ಷೆಗೆ 5ರಿಂದ 10 ಮಿಲಿಗ್ರಾಂ ಸಾಕಾಗುತ್ತದೆ; ಅಂದರೆ ಎರಡು ಮೂರು ರಾಗಿಕಾಳಿನಿಂದ ನಾಲ್ಕೈದು ಕಾಳಿನವರೆಗಿನ ತೂಕ. ತೂಗಿ, ತೂಕವನ್ನು ಬರೆದು, ಸಿಕ್ಕದ್ದರಲ್ಲಿ ಅರ್ಧವನ್ನಾದರೂ ಮುಟ್ಟದೆ ತೆಗೆದಿಡಿ. ಇಂದಿನ ವಿಧಾನಗಳಿಗಿಂತ ಉತ್ತಮವಾದವು ಹತ್ತು ವರ್ಷಗಳಲ್ಲಿ ಬರುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಆಶಾವಾದವಲ್ಲ, ಈವರೆಗಿನ ಅನುಭವ. ಕಿಟ್ಟದ ಹೊರಮೈಯನ್ನು ಮೊದಲು ಸ್ವಚ್ಛಗೊಳಿಸಿ ಮಣ್ಣಿನ ಕಣಗಳನ್ನು ತೊಲಗಿಸಬೇಕು, ಆ ತೊಳೆದ ನೀರನ್ನೂ ಎಸೆಯದೆ ಬೇರೆ ಕೊಳವೆಯಲ್ಲಿಟ್ಟು ಪರೀಕ್ಷಿಸಬೇಕು. ನಂತರ ಖನಿಜವನ್ನು ಕರಗಿಸಲು ತೆಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುವುದು ಹಳೆಯ ಪದ್ಧತಿ, ಕ್ಯಾಲ್ಸಿಯಂ ಅನ್ನು ಹಿಡಿದು ಕರಗಿಸುವ ಇ.ಡಿ.ಟಿ.ಎ. ಎಂಬ ರಾಸಾಯನಿಕದ ದ್ರಾವಣ ನಿಧಾನ, ಆದರೆ ಪಿಷ್ಟದ ಕಣಗಳ ಮೇಲೆ ಮೃದು. ಡಿ.ಎನ್.ಎ. ಗಾಗಿ ತೆಗೆಯುವವರು ಇ.ಡಿ.ಟಿ.ಎ. ಯನ್ನೇ ಬಳಸುತ್ತಾರೆ, ಮತ್ತು ಆ ಕೆಲಸ ಹಳೆಯ ಡಿ.ಎನ್.ಎ. ಗೆಂದೇ ಮೀಸಲಾದ ಸ್ವಚ್ಛ ಕೋಣೆಯಲ್ಲಿ ಮಾತ್ರ ನಡೆಯಬೇಕು. ಪ್ರತಿ ಸುತ್ತಿನಲ್ಲೂ ಕಿಟ್ಟವಿಲ್ಲದ ಖಾಲಿ ಕೊಳವೆಯೊಂದನ್ನು ಅದೇ ದ್ರಾವಣಗಳೊಂದಿಗೆ ಅದೇ ಹಂತಗಳ ಮೂಲಕ ನಡೆಸಿ.

ಪ್ರಶ್ನೆಗೆ ತಕ್ಕ ಪರೀಕ್ಷೆ

ಎಲ್ಲ ಪರೀಕ್ಷೆಗಳನ್ನೂ ಮಾಡಿಸಿಬಿಡೋಣ ಎಂಬ ಹುರುಪು ಬಹಳ ಮಾದರಿಗಳನ್ನು ಹಾಳುಮಾಡಿದೆ. ಮೊದಲು ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಪರೀಕ್ಷೆಯನ್ನು ಅದು ತೀರ್ಮಾನಿಸಲಿ.

ಯಾವ ಗಿಡಗಳನ್ನು ತಿಂದರು ಎಂಬುದು ಪ್ರಶ್ನೆಯಾದರೆ ಸೂಕ್ಷ್ಮದರ್ಶಕ ಸಾಕು, ಮತ್ತು ನಮ್ಮ ಕಾಲೇಜುಗಳ ಮಟ್ಟಿಗೆ ಇದೇ ಕೈಗೆಟಕುವ ದಾರಿ. ಧ್ರುವೀಕೃತ ಬೆಳಕಿನಲ್ಲಿ ಪಿಷ್ಟದ ಪ್ರತಿ ಕಣದ ಮೇಲೂ ಕಪ್ಪು ಶಿಲುಬೆಯೊಂದು ಮೂಡುತ್ತದೆ. ಗೋಧಿ, ಬಾರ್ಲಿಗಳ ಕಣ ಮಸೂರದಂತೆ ಚಪ್ಪಟೆ. ಕಾಳುಗಳ ಕಣ ಹುರುಳಿಬೀಜದಂತೆ ಉದ್ದನೆಯ ಸೀಳಿನೊಂದಿಗೆ. ಅರಿಸಿನ, ಶುಂಠಿಗಳ ಕಣ ನೀಳವಾಗಿದ್ದು ಅದರ ಕೇಂದ್ರ ಒಂದು ತುದಿಗೆ ಸರಿದಿರುತ್ತದೆ. ಅರುಣಿಮಾ ಕಶ್ಯಪ್ ಮತ್ತು ಸ್ಟೀವ್ ವೆಬರ್ ಹರಿಯಾಣದ ಫರ್ಮಾಣಾ ಎಂಬ ಹರಪ್ಪ ಕಾಲದ ನೆಲೆಯ ಮಡಕೆಯ ಒಳಮೈಯಿಂದಲೂ ಮನುಷ್ಯರ ಹಲ್ಲಿನಿಂದಲೂ ಅರಿಸಿನ ಮತ್ತು ಶುಂಠಿಯ ಪಿಷ್ಟವನ್ನು ಗುರುತಿಸಿ 2010ರಲ್ಲಿ ಪ್ರಕಟಿಸಿದ್ದು ಹೀಗೆಯೇ. ಮಡಕೆಯೂ ಹಲ್ಲೂ ಒಂದೇ ಮಾತನ್ನು ಹೇಳಿದ್ದು ಆ ಸಂಶೋಧನೆಯ ಬಲ. 2011ರಲ್ಲಿ ಅಮಾಂಡ ಹೆನ್ರಿ ಮತ್ತು ಸಂಗಡಿಗರು ಇರಾಕಿನ ಶಾನಿದಾರ್ ಗುಹೆಯ ಹಾಗೂ ಬೆಲ್ಜಿಯಂನ ಸ್ಪೀ ಗುಹೆಯ ನಿಯಾಂಡರ್ತಲ್ (ಮನುಷ್ಯನ ಅಳಿದುಹೋದ ಹತ್ತಿರದ ಬಂಧು) ಹಲ್ಲುಗಳಲ್ಲಿ ಗಿಡಗಳ ಸೂಕ್ಷ್ಮ ಅವಶೇಷಗಳನ್ನು ತೋರಿಸಿದರು. ಶಾನಿದಾರ್‌ನ ಕೆಲವು ಪಿಷ್ಟಕಣಗಳು ಬೇಯಿಸಿದಾಗ ಆಗುವಂತೆ ಉಬ್ಬಿ ರೂಪಗೆಟ್ಟಿದ್ದವು. ಬರಿಯ ಮಾಂಸವನ್ನೇ ನಂಬಿ ಬದುಕಿದವರು ಎಂದು ನಿಯಾಂಡರ್ತಲರ ಬಗ್ಗೆ ಇದ್ದ ಚಿತ್ರ ಬದಲಾಗಲು ಇದೂ ಕಾರಣವಾಯಿತು.

ಹೋಲಿಕೆಯ ಸಂಗ್ರಹವಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಹಳ್ಳೂರು, ಸಂಗನಕಲ್ಲು, ತೆಕ್ಕಲಕೋಟೆಯಂತಹ ನವಶಿಲಾಯುಗದ ನೆಲೆಗಳ ಕಡೆಗೆ ಮನಸ್ಸಿರುವವರು ಮೊದಲು ಕೊರಲೆ, ನವಣೆ, ಸಾಮೆ, ಹಾರಕ, ರಾಗಿ, ಹುರುಳಿ, ಹೆಸರು, ಕೆಸುವಿನ ಗಡ್ಡೆ, ಸುವರ್ಣಗಡ್ಡೆ ಇವುಗಳ ಪಿಷ್ಟವನ್ನು ಹಸಿಯಾಗಿ, ಹುರಿದು, ಬೇಯಿಸಿ, ಬೀಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಚಿತ್ರಿಸಿ, ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು. ದಕ್ಷಿಣದ ನವಶಿಲಾಯುಗದ ಕೊರಲೆ, ಹುರುಳಿ, ಹೆಸರುಗಳ ಬಗ್ಗೆ ನಮಗೆ ತಿಳಿದಿರುವುದು ಬಹುಪಾಲು ಸುಟ್ಟ ಕಾಳುಗಳಿಂದ. ಸುಡದೆ ಉಣ್ಣುವ ಗಡ್ಡೆಗೆಣಸು ಆ ದಾಖಲೆಯಲ್ಲಿ ಕಾಣುವುದು ಕಷ್ಟ, ಕಿಟ್ಟದಲ್ಲಾದರೆ ಅದಕ್ಕೂ ಅವಕಾಶವಿದೆ. ಜೋಳ ಮತ್ತು ಮೆಕ್ಕೆಜೋಳದ ಪಿಷ್ಟಗಳು ಕೋನಕೋನವಾಗಿ ಒಂದನ್ನೊಂದು ಬಹಳ ಹೋಲುವುದರಿಂದ ಉತ್ತರ ಕರ್ನಾಟಕದ ಮಾದರಿಗಳಲ್ಲಿ ಇಮ್ಮಡಿ ಎಚ್ಚರ ಬೇಕು. ಇದರಲ್ಲಿ ಒಂದು ಉಪಯೋಗವೂ ಅಡಗಿದೆ: ಮೆಕ್ಕೆಜೋಳ, ಆಲೂಗಡ್ಡೆ, ಮೆಣಸಿನಕಾಯಿಗಳು ಅಮೆರಿಕದಿಂದ ಇತ್ತ ಬಂದದ್ದು ಹದಿನೈದನೆಯ ಶತಮಾನದ ಕೊನೆಯ ನಂತರ. ನವಶಿಲಾಯುಗದ ಹಲ್ಲಿನಲ್ಲಿ ನಿಸ್ಸಂದೇಹವಾದ ಆಲೂಗಡ್ಡೆಯ ಪಿಷ್ಟ ಸಿಕ್ಕರೆ ಅದು ನಿಮ್ಮ ಪ್ರಯೋಗಾಲಯದಿಂದ ಬಂದದ್ದು, ಆ ಸುತ್ತಿನಲ್ಲಿ ಪರೀಕ್ಷಿಸಿದ ಇತರ ಮಾದರಿಗಳನ್ನೂ ಅನುಮಾನದಿಂದಲೇ ನೋಡಬೇಕು.

ಪಿಷ್ಟ ಹೇಳದ ಸಂಗತಿಯನ್ನು ಪ್ರೋಟೀನ್ ಹೇಳಬಲ್ಲದು. ಹಾಲು ಕುಡಿದರೇ ಎಂಬ ಪ್ರಶ್ನೆಗೆ ಉತ್ತರವಾಗಿ, ಹಾಲಿನಲ್ಲಷ್ಟೇ ಇರುವ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಕಿಟ್ಟದಲ್ಲಿ ಉಳಿದಿರುತ್ತದೆ ಎಂಬುದನ್ನು ಕ್ರಿಸ್ಟಿನಾ ವಾರಿನರ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು; ಅದರ ಅಮೈನೋ ಆಮ್ಲಗಳ ಸರಣಿಯಿಂದ ದನದ್ದೋ ಕುರಿಯದೋ ಎಂದೂ ಹಲವು ಬಾರಿ ಹೇಳಬಹುದು. ನಮಗೆ ಇನ್ನೂ ಹತ್ತಿರದ ಉದಾಹರಣೆ ಇಸ್ರೇಲಿನ ಮೆಗಿದ್ದೋ ಮತ್ತು ತೆಲ್ ಎರಾನಿ. ಅಲ್ಲಿನ 16 ಮಂದಿಯ ಕಿಟ್ಟವನ್ನು ಆಶ್ಲಿ ಸ್ಕಾಟ್, ಫಿಲಿಪ್ ಸ್ಟಾಕ್‌ಹ್ಯಾಮರ್ ಮೊದಲಾದವರು ಪರೀಕ್ಷಿಸಿ, 2020ರ ಕೊನೆಯಲ್ಲಿ ಪ್ರಕಟಿಸಿದ ವರದಿಯಲ್ಲಿ ಎಳ್ಳು, ಸೋಯಾ, ಅರಿಸಿನ ಮತ್ತು ಬಾಳೆಯ ಗುರುತುಗಳನ್ನು ಕೊಟ್ಟರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಮೆಡಿಟರೇನಿಯನ್ ತೀರದ ಒಬ್ಬರ ಬಾಯಲ್ಲಿ ಅರಿಸಿನ ಇತ್ತು ಎಂದರೆ ದಕ್ಷಿಣ ಏಷ್ಯಾದ ಸರಕು ಅಲ್ಲಿಯವರೆಗೆ ಸಾಗುತ್ತಿತ್ತು ಎಂದಾಯಿತು. ಅದನ್ನು ಅವರು ಅಡುಗೆಯಾಗಿ ತಿಂದರೋ ಔಷಧವಾಗಿ ತೆಗೆದುಕೊಂಡರೋ ಎಂಬುದನ್ನು ಕಿಟ್ಟ ಹೇಳುವುದಿಲ್ಲ.

ರೋಗಾಣುಗಳ ಚರಿತ್ರೆ ಬೇಕಾದರೆ ಡಿ.ಎನ್.ಎ. ಕಡೆಗೆ ಹೋಗಬೇಕು. ಕಿಟ್ಟದೊಳಗಿನ ಡಿ.ಎನ್.ಎ. ಯಲ್ಲಿ ಹೆಚ್ಚಿನದು ಬ್ಯಾಕ್ಟೀರಿಯಗಳದ್ದು, ಮನುಷ್ಯನದ್ದು ಬಹಳ ಸ್ವಲ್ಪ. ಜರ್ಮನಿಯ ದಾಲ್‌ಹೈಮ್‌ನ ಮಧ್ಯಯುಗದ ಕ್ರೈಸ್ತ ಮಠದ ಅಸ್ಥಿಗಳಲ್ಲಿ, ಇಂದು ವಸಡಿನ ರೋಗಕ್ಕೆ ಹೊಣೆಯೆಂದು ದಂತವೈದ್ಯರು ಗುರುತಿಸುವ ಪೋರ್ಫಿರೋಮೋನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನಿಮಾ ಡೆಂಟಿಕೋಲಾ ಮೂರೂ ಸಿಕ್ಕವು. 2017ರಲ್ಲಿ ಲಾರಾ ವೇರಿಕ್ ಮತ್ತು ಸಂಗಡಿಗರು ಸ್ಪೇನಿನ ಎಲ್ ಸಿದ್ರೋನ್ ಗುಹೆಯ ನಿಯಾಂಡರ್ತಲ್‌ನ ಕಿಟ್ಟದಿಂದ ಸುಮಾರು 48,000 ವರ್ಷ ಹಳೆಯ ಸೂಕ್ಷ್ಮಜೀವಿಯೊಂದರ ಜೀನೋಮನ್ನೇ, ಅಂದರೆ ಅದರ ಇಡೀ ಡಿ.ಎನ್.ಎ. ಬರಹವನ್ನೇ, ಕೂಡಿಸಿದರು. 2021ರಲ್ಲಿ ಜೇಮ್ಸ್ ಫೆಲೋಸ್ ಯೇಟ್ಸ್ ಮತ್ತು ಹಲವು ದೇಶಗಳ ಸಂಶೋಧಕರು ಸೆರ್ಬಿಯದ ಗುಹೆಯೊಂದರ ಸುಮಾರು ಒಂದು ಲಕ್ಷ ವರ್ಷ ಹಿಂದಿನ ನಿಯಾಂಡರ್ತಲ್‌ವರೆಗೆ ಈ ದಾಖಲೆಯನ್ನು ಹಿಂದಕ್ಕೆ ಒಯ್ದು, ಪಿಷ್ಟವನ್ನು ಬಳಸಿಕೊಳ್ಳಬಲ್ಲ ಸ್ಟ್ರೆಪ್ಟೊಕಾಕಸ್ ಜಾತಿಗಳು ಮನುಷ್ಯರಲ್ಲಿಯೂ ನಿಯಾಂಡರ್ತಲರಲ್ಲಿಯೂ ಇದ್ದುದನ್ನು ತೋರಿಸಿದರು. ಗಡ್ಡೆ, ಬೀಜಗಳ ಪಿಷ್ಟ ಕೃಷಿಗಿಂತ ಬಹಳ ಹಿಂದೆಯೇ ನಮ್ಮ ಊಟದಲ್ಲಿತ್ತು ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಹಳೆಯ ಡಿ.ಎನ್.ಎ. ಯ ತುಣುಕುಗಳು ಚಿಕ್ಕವು, ಅವುಗಳ ತುದಿಗಳಲ್ಲಿ ಡಿ.ಎನ್.ಎ. ಯ ನಾಲ್ಕು ಅಕ್ಷರಗಳ ಪೈಕಿ ಸಿ ಎಂಬುದು ಟಿ ಆಗಿ ಓದಿಸಿಕೊಳ್ಳುವ ಹಾನಿ ಕಾಣುತ್ತದೆ. ಈ ಹಾನಿಯ ಗುರುತನ್ನು ತೋರಿಸದ ವರದಿಯನ್ನು ಬದಿಗಿಡಿ.

ಆಹಾರವೂ ರೋಗವೂ ಅಲ್ಲದ ಕಣಗಳನ್ನು ಕಸವೆಂದು ದಾಟಿಹೋಗಬಾರದು ಎಂಬುದಕ್ಕೆ ಅದೇ ದಾಲ್‌ಹೈಮ್‌ನ ಇನ್ನೊಂದು ಹಲ್ಲು ಸಾಕ್ಷಿ. ಪಿಷ್ಟ ಹುಡುಕಲೆಂದು ಕರಗಿಸಿದ, 45ರಿಂದ 60 ವಯಸ್ಸಿನ ನಡುವಿನ ಹೆಂಗಸೊಬ್ಬಳ ಕಿಟ್ಟದಲ್ಲಿ ಗಾಢ ನೀಲಿ ಕಣಗಳು ಕಂಡವು. ಆಕೆ ತೀರಿಕೊಂಡದ್ದು ಕ್ರಿ.ಶ. 997 ಮತ್ತು 1162ರ ನಡುವೆ. ಅನಿತಾ ರಾದಿನಿ, ಮೋನಿಕಾ ಟ್ರೋಂಪ್, ವಾರಿನರ್ ಮೊದಲಾದವರು ಬೆಳಕು ಚದುರುವ ಬಗೆಯಿಂದ ವಸ್ತುವನ್ನು ಗುರುತಿಸುವ ರಾಮನ್ ರೋಹಿತ ಪರೀಕ್ಷೆಯಿಂದ ಅದು ಲ್ಯಾಪಿಸ್ ಲಾಜುಲಿ ಎಂಬ ನೀಲಿ ಕಲ್ಲಿನ ಪುಡಿ ಎಂದು ಖಚಿತಪಡಿಸಿಕೊಂಡು 2019ರಲ್ಲಿ ಪ್ರಕಟಿಸಿದರು. ಅಫ್ಘಾನಿಸ್ತಾನದ ಬದಖ್‌ಶಾನಿನಿಂದ ಬರುತ್ತಿದ್ದ, ಚಿನ್ನದ ಬೆಲೆಯ ಆ ವರ್ಣ ಸಾಮಾನ್ಯ ಸನ್ಯಾಸಿನಿಯ ಬಾಯಿಗೆ ಬಂದದ್ದು ಹೇಗೆ? ಸಂಶೋಧಕರು ವರ್ಣವನ್ನು ಅರೆಯುವಾಗ ಹಾರಿದ ಪುಡಿ, ಔಷಧ ಸೇವನೆ, ಚಿತ್ರಗಳಿಗೆ ಮುತ್ತಿಡುವ ಭಕ್ತಿಯ ಆಚರಣೆ ಇವನ್ನೆಲ್ಲ ಒಂದೊಂದಾಗಿ ತೂಗಿದರು. ಕಣಗಳು ಕಿಟ್ಟದ ಬೇರೆಬೇರೆ ಭಾಗಗಳಲ್ಲಿ ಚದುರಿದ್ದವು, ಅಂದರೆ ಒಮ್ಮೆಗೇ ಬಂದುವಲ್ಲ. ಆಕೆ ಧರ್ಮಗ್ರಂಥಗಳಿಗೆ ಬಣ್ಣ ಹಾಕುವ ಕಲಾವಿದೆ, ಕುಂಚದ ತುದಿಯನ್ನು ನಾಲಿಗೆಯಿಂದ ಚೂಪುಮಾಡುತ್ತಿದ್ದಳು ಎಂಬುದು ಅವರಿಗೆ ಹೆಚ್ಚು ಹೊಂದುವ ವಿವರಣೆಯೆನಿಸಿತು. ಈ ಇಡೀ ಕ್ಷೇತ್ರದಲ್ಲಿ ವಿದ್ಯಾರ್ಥಿಗಳಿಗೆ ಓದಿಸಬೇಕಾದ ಒಂದೇ ವರದಿ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಉತ್ತರದ ಸೊಗಸಿಗಲ್ಲ, ಬೇರೆ ವಿವರಣೆಗಳನ್ನು ಅದು ಮರೆಮಾಚದೆ ಎದುರಿಗಿಟ್ಟ ರೀತಿಗೆ.

ತೂಗುವುದು ಮತ್ತು ಬರೆಯುವುದು

ಕಿಟ್ಟದಲ್ಲಿ ಸಿಕ್ಕದ್ದು ಬಾಯಿಗೆ ಹೋದದ್ದರ ಒಂದು ಕಿರಿದಾದ, ಅಡ್ಡಾದಿಡ್ಡಿಯಾದ ಪಾಲು. ನಮೀಬಿಯಾದ ತ್ವೇ ಜನರ ಊಟವನ್ನು ಹತ್ತಿರದಿಂದ ಗಮನಿಸಿ, ಅವರ ಕಿಟ್ಟವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಿಂದ ಗಿಡಗಳೆಲ್ಲ ಒಬ್ಬೊಬ್ಬರ ಕಿಟ್ಟದಲ್ಲಿ ಕಾಣಿಸಲಿಲ್ಲ. ಇಡೀ ಗುಂಪಿನ ಮಾದರಿಗಳನ್ನು ಕೂಡಿಸಿದಾಗ ಮಾತ್ರ ಊಟದ ಚಿತ್ರ ತಕ್ಕಮಟ್ಟಿಗೆ ಸಿಕ್ಕಿತು. ಪ್ರಯೋಗಾಲಯದಲ್ಲಿ ಕೃತಕವಾಗಿ ಬೆಳೆಸಿದ ಕಿಟ್ಟಕ್ಕೆ ಎಣಿಸಿ ಹಾಕಿದ ಪಿಷ್ಟದಲ್ಲಿ ತೀರ ಸಣ್ಣ ಅಂಶವಷ್ಟೇ ಮರಳಿ ಸಿಗುತ್ತದೆ. ಹೀಗಾಗಿ ಎಷ್ಟು ತಿಂದರು ಎಂದು ಹೇಳಲು ಕಿಟ್ಟ ಬಾರದು. ಇದೂ ಇತ್ತು ಎಂದು ಹೇಳಲು ಬರುತ್ತದೆ. ಒಬ್ಬನ ಕಿಟ್ಟದಲ್ಲಿ ರಾಗಿ ಸಿಗಲಿಲ್ಲ ಎಂದರೆ ಆತ ರಾಗಿ ತಿನ್ನಲಿಲ್ಲ ಎಂದಾಗುವುದಿಲ್ಲ.

ಡಿ.ಎನ್.ಎ. ಯಿಂದ ಆಹಾರವನ್ನು ಗುರುತಿಸಿದ ಹೇಳಿಕೆಗಳನ್ನು ಇನ್ನೂ ಬಿಗಿಯಾಗಿ ಪ್ರಶ್ನಿಸಬೇಕು. ಎಲ್ ಸಿದ್ರೋನಿನ ನಿಯಾಂಡರ್ತಲರು ಅಣಬೆ, ಪೈನ್ ಬೀಜ, ಹಾವಸೆ (ಮಾಸ್) ಇವುಗಳನ್ನು ತಿಂದರು ಎಂದು ವೇರಿಕ್ ತಂಡ ಹೇಳಿದಾಗ ಲೋಕದ ಪತ್ರಿಕೆಗಳೆಲ್ಲ ಅದನ್ನೇ ತಲೆಬರಹ ಮಾಡಿದವು. ಅಂಥ ಗುರುತುಗಳು ಬೆರಳೆಣಿಕೆಯ ತುಣುಕುಗಳನ್ನು ನೆಚ್ಚಿಕೊಂಡಿರುವುದರಿಂದ, ಮತ್ತು ತುಣುಕೊಂದು ದತ್ತಸಂಗ್ರಹದಲ್ಲಿ ಇರುವ ಜೀವಿಗಳ ಪೈಕಿ ತನಗೆ ಹತ್ತಿರದ್ದಕ್ಕೆ ಹೋಗಿ ಅಂಟಿಕೊಳ್ಳುವುದರಿಂದ, ತಪ್ಪುಗಳು ಸುಲಭವಾಗಿ ಆಗುತ್ತವೆ ಎಂದು ನಂತರದ ಸಂಶೋಧಕರು ಎಚ್ಚರಿಸಿದ್ದಾರೆ. ಸಂಗ್ರಹದಲ್ಲಿ ಇಲ್ಲದ ಗಿಡ ಎಂದೂ ಫಲಿತಾಂಶವಾಗಿ ಬರಲಾರದು; ಪಶ್ಚಿಮಘಟ್ಟದ ಕಾಡುಗಡ್ಡೆಗಳನ್ನು ಹುಡುಕುವವರು ಇದನ್ನು ಮರೆಯಬಾರದು.

ವರದಿ ಬರೆಯುವಾಗ ಕೆಲವನ್ನು ಬಿಡದೆ ಸೇರಿಸಿ: ಹಲ್ಲಿನ ಹೆಸರು ಮತ್ತು ಮೈ, ತೆಗೆದ ತೂಕ, ಉಳಿಸಿದ ತೂಕ ಮತ್ತು ಅದು ಇರುವ ಸ್ಥಳ, ಹೊರಮೈ ತೊಳೆದ ನೀರಿನಲ್ಲಿ ಸಿಕ್ಕದ್ದು, ಸಮಾಧಿಯ ಮಣ್ಣಿನಲ್ಲಿ ಸಿಕ್ಕದ್ದು, ಖಾಲಿ ಕೊಳವೆಯಲ್ಲಿ ಸಿಕ್ಕದ್ದು. ಖಾಲಿ ಕೊಳವೆಯಲ್ಲಿ ಎರಡು ಗೋಧಿಕಣ ಸಿಕ್ಕಿದ್ದರೆ ಅದನ್ನು ನಾಚಿಕೆಯಿಂದ ಅಡಗಿಸದೆ, ಹಲ್ಲಿನ ಕಣಗಳ ಪಟ್ಟಿಯ ಪಕ್ಕದಲ್ಲಿಯೇ ಅದೇ ಅಕ್ಷರಗಾತ್ರದಲ್ಲಿ ಅಚ್ಚುಮಾಡಿ. ಗುರುತಿಸಲಾಗದ ಕಣಗಳಿಗೂ ಸಂಖ್ಯೆ ಕೊಟ್ಟು ಚಿತ್ರ ಸೇರಿಸಿ. ದಾಲ್‌ಹೈಮ್‌ನ ನೀಲಿ ಕಣಗಳೂ ಮೊದಲು ಅಂಥವೇ ಆಗಿದ್ದವು. ಉಳಿಸಿದ ಅರ್ಧ ಕಿಟ್ಟವನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಮುಚ್ಚಿ, ನೆಲೆ, ಸಮಾಧಿ, ಹಲ್ಲು, ದಿನಾಂಕ, ತೆಗೆದವರ ಹೆಸರು ಇವನ್ನು ಕೊಳವೆಯ ಮೈಮೇಲೂ ಒಳಗಿಟ್ಟ ಚೀಟಿಯಲ್ಲಿಯೂ ಅಳಿಸದ ಶಾಯಿಯಲ್ಲಿ ಬರೆದು, ಆ ದವಡೆ ಇರುವ ಪೆಟ್ಟಿಗೆಯಲ್ಲಿಯೇ ಇಡಿ.